ಒಂದು ಸಾಲು ಬಿಟ್ಟ ಪುಟ

ಮದರಾಸಿನಲ್ಲಿ ಕತ್ತರಿ ಬಿಸಿಲು, ಅಂದರೆ ಮೇ ತಿಂಗಳ ಕಡುಬೇಸಿಗೆ, ಶುರುವಾಗಿ ಆರನೆಯ ದಿನ. 2005ರ ಮೇ 9, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ನೀರಿನ ಲಾರಿ ಬಂತೆಂದು ಸೈಬರ್ ವಿಭಾಗದ ಇಬ್ಬರು ಪೇದೆಗಳು ಕೊಡ ಹಿಡಿದು ಕೆಳಗಿಳಿದಿದ್ದರು. ಹೆಡ್ ಕಾನ್‌ಸ್ಟೇಬಲ್ ಏಳುಮಲೈ ಸಮನ್ಸುಗಳಿಗೆ ನಂಬರು ಹಾಕುತ್ತಿದ್ದ. ತ್ರಿಪ್ಲಿಕೇನಿನಲ್ಲಿ ಮೆಸ್ ನಡೆಸುವ ಬಾಬುರಾಯರು ಬೆವರಿಗೆ ಒದ್ದೆಯಾದ ಒಂದು ಕಾಗದ ಹಿಡಿದು ಒಳಗೆ ಬಂದರು. ಇನ್‌ಸ್ಪೆಕ್ಟರ್ ಮುರಳೀಧರ ಅಜ್ಜನ ಕಾಲದಿಂದ ಮದರಾಸಿನಲ್ಲೇ ಬೇರೂರಿದ ಮನೆಯವರು. ಕನ್ನಡ ಕೇಳಿ ಕುರ್ಚಿ ತೋರಿಸಿದರು.

ಕರಾವಳಿ ಹೋಟೆಲಿನವರ ಸಂಘಕ್ಕೊಂದು ವೆಬ್‌ಸೈಟು. ಮದುವೆಗಿರುವ ಅರವತ್ಮೂರು ಹುಡುಗಿಯರ ವಿವರ ಅದರಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಪುಟ. ಬಾಬುರಾಯರೇ ಸಂಘದ ಕಾರ್ಯದರ್ಶಿ. ಅವರ ಮಗಳು ಪ್ರಣಮ್ಯಾಳ ಪುಟದಲ್ಲಿ ಯಾರೋ 'ಮೂರ್ಛೆ ರೋಗಕ್ಕೆ ಚಿಕಿತ್ಸೆಯಲ್ಲಿದ್ದಾಳೆ' ಎಂದು ಸುಳ್ಳು ಸೇರಿಸಿದ್ದರು.

"ಅದನ್ನು ತೆಗೆಸಿ ವಾರ ಆಯ್ತು ಸಾರ್. ಆದ್ರೆ ಇಂಟರ್ನೆಟ್ಟಿನಲ್ಲಿ ಅವಳ ಹೆಸರು ಹುಡುಕಿದ್ರೆ ಹಳೇದೇ ಬರ್ತದೆ. ತೆಗೆದದ್ದು ಹೇಗೆ ಬರುವುದು ಮಾರಾಯ್ರೆ?"

"ಹುಡುಕುವ ಕಂಪನಿ ಪ್ರತಿ ಪುಟಕ್ಕೂ ಒಂದು ನಕಲು ತೆಗೆದು ಇಟ್ಟುಕೊಳ್ಳತ್ತೆ. ನೀವು ಅಳಿಸಿದ್ದು ನಿಮ್ಮದನ್ನ ಮಾತ್ರ. ಮದುವೆ ಯಾವತ್ತು?"

"ಹತ್ತೊಂಬತ್ತಕ್ಕೆ. ಗಂಡಿನವರು ಪುರಸೈವಾಕ್ಕಂನವರು, ಆ ನಕಲು ನೋಡಿದ್ದಾರೆ. ಬುಧವಾರ ಸಂಜೆ ಒಳಗೆ ಹೇಳ್ತೇವೆ ಅಂದ್ರು. ಇಲ್ಲ ಅಂತಲೇ ಹೇಳುವುದು, ನಂಗೆ ಗೊತ್ತುಂಟು."

ಹನ್ನೊಂದೂವರೆಗೆ ಅಸಿಸ್ಟೆಂಟ್ ಕಮಿಷನರ್ ಸಹಿಯೊಡನೆ ಎಫ್‌ಐಆರ್ ದಾಖಲಾಯಿತು. ತೆರೆಯ ಮೇಲಿನ ನಕಲನ್ನು ಇಬ್ಬರು ಪಂಚರ ಎದುರು ಅಚ್ಚು ಹಾಕಿಸಿ ಪಂಚನಾಮೆ ಬರೆಸಿದರು. ನಕಲಿನ ತಲೆಯ ಮೇಲೆ ಅದನ್ನು ತೆಗೆದ ದಿನವಿತ್ತು: ಏಪ್ರಿಲ್ 28.

ಮಂಗಳವಾರ ಬಾಬುರಾಯರು ಗಂಟೆಗೊಮ್ಮೆ ಫೋನು ಮಾಡಿದರು. ಪ್ರತಿ ಸಲವೂ ಮುರಳೀಧರ ಮತ್ತೆ ಹುಡುಕಿ ನೋಡಿದರು. ಪ್ರತಿ ಸಲವೂ ಆ ಪುಟ ಬಂದು ನಿಂತಿತು. ಅವರಿಗೂ ಒಬ್ಬಳು ಮಗಳಿದ್ದಳು. ಮಧ್ಯಾಹ್ನದ ಮೊಸರನ್ನ ಡಬ್ಬಿಯಲ್ಲೇ ಉಳಿಯಿತು.

ಏಳುಮಲೈಗೆ ಕಂಪ್ಯೂಟರು ಅಷ್ಟಕ್ಕಷ್ಟೆ. ಆದರೆ ಎರಡು ಸಾಕ್ಷಿ ಹೇಳಿಕೆಗಳ ಮೇಲೆ ಸ್ಕೇಲು ಇಟ್ಟು ಸಾಲು ಸಾಲಾಗಿ ಹೋಲಿಸುವುದರಲ್ಲಿ ಅವನಿಗೆ ಇಪ್ಪತ್ತು ವರ್ಷದ ಪಳಗಿದ ಕೈ. ಅರವತ್ಮೂರು ಪುಟಗಳ ಹಿಂದೆ, ತೆರೆಯಲ್ಲಿ ಕಾಣದಂತಿರುವ ಕಂಪ್ಯೂಟರ್ ಬರಹವನ್ನು ಅಚ್ಚು ಹಾಕಿಸಿಕೊಂಡು ನೆಲದ ಮೇಲೆ ಕೂತ. ನಾಲ್ಕು ಗಂಟೆಗೆ ಎದ್ದ.

"ಸಾರ್, ಇಂಗ ಪಾರುಂಗ, ಇಲ್ಲಿ ನೋಡಿ. ಎಲ್ಲಾದರಲ್ಲೂ ತಲೆ ಹತ್ತಿರ ಈ ಒಂದು ಸಾಲು ಇರುದು. ಆ ಹುಡುಗಿದರಲ್ಲಿ ಮಾತ್ರ ಇಲ್ಲೆ."

ಮುರಳೀಧರ ಕನ್ನಡಕ ಏರಿಸಿದರು. ಹುಡುಕುವ ಯಂತ್ರವೇ, ಈ ಪುಟದ ನಕಲು ಇಟ್ಟುಕೊಳ್ಳಬೇಡ ಎಂದು ಹೇಳುವ ಸಾಲು ಅದು. ಸೈಟು ಇಟ್ಟ ಕಂಪನಿಯಿಂದ ದಾಖಲೆ ತರಿಸಿದರು. ಅರವತ್ತೆರಡು ಪುಟಗಳಿಗೆ ಆ ಸಾಲು ಬಿದ್ದದ್ದು ಏಪ್ರಿಲ್ 26ರಂದು, ಒಂದೇ ಸಲಕ್ಕೆ. ಪ್ರಣಮ್ಯಾಳ ಪುಟದ ಸುಳ್ಳೂ ಅದೇ ದಿನದ್ದು. ಎರಡೂ ಸಂಘದ ಆಫೀಸಿನ ಕಂಪ್ಯೂಟರಿನಿಂದಲೇ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವರು ಮೆಸ್ಸಿನ ಮಹಡಿಯಲ್ಲಿದ್ದ ಸಂಘದ ಆಫೀಸಿಗೆ ಹತ್ತಿದರು. ಸಂಘದ ಗುಮಾಸ್ತ ಹರಿದಾಸ, ನಲವತ್ತೆರಡರ ಸಣಕಲು ಮನುಷ್ಯ, ಎದ್ದು ನಿಂತ.

"ಕಂಪ್ಯೂಟರ್ ಯಾರ ಕೈಲಿ?"

"ನಾನೊಬ್ಬನೇ ಸಾರ್."

"ನಕಲು ಬೇಡ ಅನ್ನೋ ಸಾಲು ಯಾರು ಹಾಕಿದ್ದು?"

ಹರಿದಾಸ ಬೆರಳಿನಿಂದ ಮೇಜಿನ ಧೂಳು ಒರೆಸಿದ.

"ಅರವತ್ತೆರಡು ಹುಡುಗೀರನ್ನ ಕಾಪಾಡಿದೀರಿ. ಒಬ್ಬಳನ್ನ ಯಾಕ್ರೀ ಬಿಟ್ರಿ?"

"ಬೇರೆಯವರ ಮಕ್ಕಳು ಎಂತ ಮಾಡಿದ್ದಾರೆ ಸಾರ್?" ಎಂದ. ಕುರ್ಚಿಯನ್ನು ಅವರ ಕಡೆ ತಳ್ಳಿ, "ನನ್ನ ತಂಗಿಯ ಹೆಸರು ಹಾಕಿ ಹುಡುಕಿ ನೋಡಿ. ಜಲಜಾ," ಎಂದ.

ಮುರಳೀಧರ ಅಲ್ಲೇ ಕೂತು ಹುಡುಕಿದರು. ಎರಡು ವರ್ಷದ ಹಿಂದಿನ ನಕಲು ಬಂತು. 'ಜಲಜಾ, 31, ವಿಧವೆ.'

"ಅವಳಿಗೆ ಮದುವೆಯೇ ಆಗ್ಲಿಲ್ಲ. ಹಿಂದಿನ ಗುಮಾಸ್ತ ತಪ್ಪಿ ಹಾಕಿದ್ದು. ಪುಟ ತೆಗೆಸಿದೆವು, ನಕಲು ಹೋಗ್ಲಿಲ್ಲ. ಮೂರು ಸಂಬಂಧ ತಪ್ಪಿತು. ಕಂಪನಿಗೆ ಸಂಘದ ಸಹಿ ಹಾಕಿ ಒಂದು ಕಾಗದ ಬರೆಯಿರಿ ಅಂತ ಬಾಬುರಾಯರ ಹತ್ರ ಎಷ್ಟು ಸಲ ಹೇಳಿದೆ! ಅದನ್ನೆಲ್ಲ ಯಾರು ನೋಡ್ತಾರೆ ಮಾರಾಯ, ಮೀಟಿಂಗಿನಲ್ಲಿ ಇಡುವ, ಅಂದ್ರು. ಮತ್ತೆ ನಾನೇ ಇದನ್ನೆಲ್ಲ ಕಲಿತೆ. ಯಾರು ನೋಡ್ತಾರೆ ಅಂತ ಅವರಿಗೂ ಗೊತ್ತಾಗ್ಲಿ ಅಂತ ಮಾಡಿದ್ದು."

"ಆ ಹುಡುಗಿ ನಿಮಗೇನ್ ಮಾಡಿದ್ಲು?"

ಹರಿದಾಸ ತೆರೆಯ ಮೇಲಿನ ತಂಗಿಯ ಪುಟವನ್ನು ಮುಚ್ಚಿದ. 11.40ಕ್ಕೆ ಬಂಧನದ ಮೆಮೊಗೆ ಸಹಿ ಹಾಕಿದ. ಕಂಪ್ಯೂಟರು ಜಪ್ತಿಯಾಯಿತು.

ಮೂರು ಗಂಟೆಗೆ ಏಳುಮಲೈ ರೋಗದ ಮಾತು ಸುಳ್ಳೆಂದು ಹರಿದಾಸ ಬರೆದುಕೊಟ್ಟ ಹೇಳಿಕೆಯ ಪ್ರತಿಯನ್ನು ಪುರಸೈವಾಕ್ಕಂಗೆ ತಾನೇ ಒಯ್ದ. ಐದೂವರೆಯವರೆಗೆ ಬಾಬುರಾಯರು ಠಾಣೆಯಲ್ಲಿ ಗೋಡೆ ಹಿಡಿದು ನಿಂತೇ ಇದ್ದರು. ಗಂಡಿನ ಮನೆಯಿಂದ ಫೋನು ಬಂತು. ಮುಹೂರ್ತ ಹತ್ತೊಂಬತ್ತಕ್ಕೇ. ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು.

ನಕಲು ತೆಗೆಯಿರಿ ಎಂದು ಕಂಪನಿಗೆ ಸಂಘದಿಂದ ಅರ್ಜಿ ಹೋಗಬೇಕಿತ್ತು. ಬಾಬುರಾಯರು ಮಗಳ ಪುಟದ ವಿಳಾಸ ಬರೆದು ಸಹಿ ಹಾಕಿ ಪೆನ್ನು ಮುಚ್ಚಿದರು. ಮುರಳೀಧರ ಕಾಗದವನ್ನು ಮತ್ತೆ ಅವರ ಮುಂದೆ ಸರಿಸಿ, ಜಲಜಾಳ ಪುಟದ ಅಚ್ಚನ್ನು ಪಕ್ಕದಲ್ಲಿಟ್ಟರು.

"ಇನ್ನೊಂದು ಬಾಕಿ ಇದೆ."

ಬಾಬುರಾಯರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಒಂದೊಂದೇ ಅಕ್ಷರ ತಿದ್ದುವಂತೆ ವಿಳಾಸ ಬರೆದರು.

ಹೊರಗೆ ಬೆಂಚಿನ ಮೇಲೆ ಜಲಜಾ ಕೂತಿದ್ದಳು, ಮಡಿಲಲ್ಲಿ ಊಟದ ಕ್ಯಾರಿಯರು. ಬಾಬುರಾಯರು ಅವಳೆದುರು ನಿಂತರು.

"ಅಣ್ಣ ಬೆಳಿಗ್ಗೆಯಿಂದ ಏನೂ ತಿನ್ಲಿಲ್ಲ," ಎಂದಳು ಅವಳು, ಮುಖ ಎತ್ತದೆ. "ಇದನ್ನು ಒಳಗೆ ಕೊಡ್ತೀರಾ?"

ಅವರು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಲಾಕಪ್ಪಿನ ಕಡೆ ನಡೆದರು.