ಏರಿನಲ್ಲಿ ಉಸಿರು ಕಟ್ಟುವ ವ್ಯಾನು

ಮೆಕ್ಯಾನಿಕ್ ಕೀಲಿ ತಿರುಗಿಸಿದ. ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಕ್ಸಲರೇಟರ್ ಮುಟ್ಟಿದ್ದೇ ತಡ, ನಿನ್ನೆಯಷ್ಟೇ ಶೋರೂಮಿನಿಂದ ಇಳಿದು ಬಂದಂತೆ ಗುಡುಗಿತು.

"ಸರಿಯಾಗಿದೆಯಲ್ಲ, ಮೇಡಂ."

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಅರ್ಧ ಗಂಟೆಯ ಹಿಂದೆ ಇದೇ ವ್ಯಾನು ಇದೇ ಏರಿನಲ್ಲಿ ಪಿಕಪ್ ಕಳೆದುಕೊಂಡು, ಪೆಡಲನ್ನು ನೆಲಕ್ಕೊತ್ತಿದರೂ ಕೇಳದೆ, ತೆವಳಿ ತೆವಳಿ ನಿಂತುಬಿಟ್ಟಿತ್ತು. ಹಿಂದಿದ್ದ ಬಸ್ಸಿನ ಡ್ರೈವರ್ ಇಳಿದು ಬಂದು, ಗೇರು ಹಾಕುವುದು ಹೇಗೆಂದು ಪಾಠ ಹೇಳಿ ಹೋಗಿದ್ದ. ಈಗ ಈ ಮಹಾರಾಯನ ಎದುರು ಮಾತ್ರ ಸಾಚಾ ಮುಖ!

"ಏನು ಮಾಡಿದ್ರಿ?"

"ಎಲ್ಲ ಒಂದ್ಸಲ ನೋಡ್ದೆ. ಫಿಲ್ಟರ್ ಬಿಚ್ಚಿ ಹಾಕ್ದೆ, ಪೈಪ್ ಬಿಗಿ ಮಾಡ್ದೆ, ಪಂಪ್ ಒತ್ತಿದೆ."

"ಅದ್ರಲ್ಲಿ ಯಾವುದ್ರಿಂದ ಸರಿಹೋಯ್ತು?"

ಅವನು ಕೈ ಒರೆಸುವ ಬಟ್ಟೆಯನ್ನು ನಾಲ್ಕು ಮೂಲೆ ಕೂಡಿಸಿ ನಿಧಾನವಾಗಿ ಮಡಿಸಿದ. "ನೋಡೋಣ."

ನೋಡೋಣ! ಅವಳ ಅಕ್ಕ ಇವನಿಗೆ ಇಟ್ಟಿದ್ದ ಹೆಸರೇ ಅದು.

ಆ ವ್ಯಾನಿನ ಹೊಟ್ಟೆಯಲ್ಲಿ ಕಣ್ಣು ಪರೀಕ್ಷೆಯ ಕುರ್ಚಿಯಿತ್ತು, ಅಕ್ಷರಗಳ ಹಲಗೆಯಿತ್ತು, ಸಾಲು ಸಾಲು ಗಾಜುಗಳ ಪೆಟ್ಟಿಗೆಯಿತ್ತು. ಪೇಟೆಯ ಕನ್ನಡಕದ ಅಂಗಡಿ ಅಕ್ಕನದು. ಅಂಗಡಿಯವರೆಗೆ ಬರಲಾಗದವರ ಬಾಗಿಲಿಗೆ ವ್ಯಾನು ಓಡಿಸಿಕೊಂಡು ಹೋಗುವುದು ತಂಗಿಯ ಕೆಲಸ. ಹನ್ನೆರಡು ವರ್ಷದಿಂದ ಅವಳಿಗೆ ಮನೆಗಿಂತ ಆ ಸೀಟೇ ಹೆಚ್ಚು ಮನೆ.

ಮೂರು ತಿಂಗಳಲ್ಲಿ ವ್ಯಾನು ಏಳು ಸಲ ಕೈಕೊಟ್ಟಿತ್ತು. ಏಳೂ ಸಲ ಅವನು ಸ್ಕೂಟರಿನಲ್ಲಿ ಬಂದ, ಮೊದಲು ವ್ಯಾನಿನ ಹಿಂಬದಿಗೆ ಹೋಗಿ ಮರೆಯಾದ, ಆಮೇಲೆ ಬಾನೆಟ್ ಎತ್ತಿದ. ಏಳೂ ಸಲ ವ್ಯಾನು ಅವನ ಮಾತು ಕೇಳಿತು, ಅವಳ ಮಾನ ಕಳೆಯಿತು.

ಅವಳು ಒಂದು ನೋಟ್‌ಬುಕ್ ಇಟ್ಟಿದ್ದಳು. ಯಾವ ದಿನ, ಎಷ್ಟು ನಿಮಿಷ ಓಡಿದ ಮೇಲೆ, ಯಾವ ಗೇರಿನಲ್ಲಿ, ಎಲ್ಲ ಬರೆದು ಒಮ್ಮೆ ಅವನ ಕೈಗೆ ಕೊಟ್ಟಳು. ಒದ್ದೆ ಬಟ್ಟೆ ಹಿಡಿದವನಂತೆ ಅದನ್ನು ತೋಳುದ್ದ ದೂರದಲ್ಲಿ ಹಿಡಿದು, ಎರಡು ಹಾಳೆ ಮಗುಚಿ, ಹಿಂದಕ್ಕೆ ಕೊಟ್ಟಿದ್ದ. "ಅಕ್ಷರ ಚೆನ್ನಾಗಿದೆ," ಎಂದಿದ್ದ. ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತ್ತು.

ಪೇಟೆಯಲ್ಲಿ ಬೇರೆ ಗ್ಯಾರೇಜುಗಳಿರಲಿಲ್ಲವೆಂದಲ್ಲ. ಆದರೆ ಅವನು ಅವಳ ಸ್ಟೀರಿಂಗ್ ಮುಟ್ಟುವ ಮೊದಲು ಎರಡೆರಡು ಸಲ ಕೈ ಒರೆಸಿಕೊಳ್ಳುತ್ತಿದ್ದ. ಎಂಜಿನ್ನಿಗೆ ಕಿವಿಗೊಟ್ಟಾಗ ಕಣ್ಣು ಮುಚ್ಚುತ್ತಿದ್ದ. ದಿನಕ್ಕೆ ಮೂವತ್ತು ಜೋಡಿ ಕಣ್ಣು ನೋಡುವವಳಿಗೆ ಈ ಮುಚ್ಚಿದ ಜೋಡಿಯೇ ಮನಸ್ಸಿನಲ್ಲಿ ಉಳಿಯಬೇಕೆ? ಅವಳಿಗೆ ತನ್ನ ಮೇಲೇ ರೇಗುತ್ತಿತ್ತು.

"ಗಾಡಿ ಕೆಟ್ರೆ ಜನ ತಲೆ ಕೆರ್ಕೋತಾರೆ ಕಣೇ. ನೀನೊಬ್ಬಳೇ ತಲೆ ಬಾಚ್ಕೊಳ್ಳೋದು," ಎಂದಳು ಅಕ್ಕ ಆ ಸಂಜೆ. ಆಮೇಲೆ ನಗು ನಿಲ್ಲಿಸಿದಳು. "ನಾಳೆ ಸಂಜೆ ಐದಕ್ಕೆ ಗುಜರಿಯವರಿಗೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ಸರಿಹೋದ್ರೆ ಇಟ್ಕೋ. ಇಲ್ಲಾಂದ್ರೆ ನಾಡಿದ್ದಿಂದ ನನ್ನ ಪಕ್ಕ ಕೌಂಟರಿನಲ್ಲಿ ಕೂತ್ಕೋ. ನೀನು ಏರಿನ ಮಧ್ಯೆ ನಿಂತು ಫೋನ್ ಮಾಡಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತೆ."

ಮರುದಿನ ಹತ್ತು ಗಂಟೆಗೆ ಅವಳು ಗ್ಯಾರೇಜಿನ ಮುಂದೆ ವ್ಯಾನು ನಿಲ್ಲಿಸಿ, ಪಕ್ಕದ ಬಾಗಿಲು ತೆರೆದಳು.

"ಹತ್ತಿ. ಅದು ಕೈಕೊಡೋ ತನಕ ನನ್ನ ಪಕ್ಕ ಕೂತಿರ್ಬೇಕು. ಸಂಜೆ ಇದು ಗುಜರಿಗೆ ಹೋಗುತ್ತೆ."

ಅವನ ಮುಖ ಸಪ್ಪಗಾಯಿತು. "ಇವತ್ತು ಕೈಕೊಡದಿದ್ರೆ?"

"ಕೊಡುತ್ತೆ. ಅದಕ್ಕೆ ನನ್ನ ಮೇಲೆ ಅಷ್ಟು ಪ್ರೀತಿ."

ಪೇಟೆ ಸುತ್ತಿ, ಹೊಳೆಯ ಸೇತುವೆ ದಾಟಿ ನಲವತ್ತು ನಿಮಿಷ ಓಡಿಸಿದಳು. ಅವನು ಮಾತಾಡಲಿಲ್ಲ. ಆದರೆ ಅವಳು ಗೇರು ಬದಲಿಸುವಾಗಲೆಲ್ಲ ಕೈಗೆ ಅಡ್ಡವಾಗದಂತೆ ಮೊಣಕಾಲನ್ನು ಒಂದಿಷ್ಟೇ ಆಚೆ ಸರಿಸುತ್ತಿದ್ದ. ಆ ಮೌನದಲ್ಲಿ ಕೂತಿರುವುದು ಕಷ್ಟವಾಗಲಿಲ್ಲ. ಅದೇ ಅವಳಿಗೆ ಕಷ್ಟವೆನಿಸಿತು.

ಏರಿನ ಅರ್ಧಕ್ಕೆ ಬಂದಾಗ ವ್ಯಾನು ಬಿಕ್ಕಿತು, ತೆವಳಿತು, ನಿಂತಿತು. ಅವನು ಇಳಿದು ನೇರ ಹಿಂಬದಿಗೆ ಹೊರಟ. ಅವಳು ಓಡಿಹೋಗಿ ಅಡ್ಡ ನಿಂತಳು.

"ಎಲ್ಲಿಗೆ?"

"ಟ್ಯಾಂಕ್ ಮುಚ್ಚಳ ತೆಗೆದು ಡೀಸೆಲ್ ವಾಸನೆ ನೋಡ್ತೀನಿ. ಕಲಬೆರಕೆ ಇದ್ರೆ ಗೊತ್ತಾಗುತ್ತೆ. ಅಪ್ಪ ಕಲಿಸಿದ್ದು."

"ಪ್ರತಿ ಸಲ ಮೊದಲು ಅದನ್ನೇ ಮಾಡೋದಾ?"

"ಹೂಂ."

"ಆಮೇಲೆ ಫಿಲ್ಟರ್, ಆಮೇಲೆ ಪೈಪ್, ಆಮೇಲೆ ಪಂಪ್! ಅಲ್ಲ ಮಾರಾಯ್ರೇ, ನನ್ನ ಕುರ್ಚೀಲಿ ಕೂತೋರಿಗೆ ನಾನು ನಾಲ್ಕು ಗಾಜು ಒಟ್ಟಿಗೆ ಬದಲಾಯಿಸಿದ್ರೆ, ಯಾವುದ್ರಿಂದ ಕಂಡಿತು ಅಂತ ದೇವರಿಗೂ ಗೊತ್ತಾಗಲ್ಲ. ಒಂದು ಸಲಕ್ಕೆ ಒಂದೇ. ಮೊದಲು ಏನೂ ಮುಟ್ಟದೆ ಸ್ಟಾರ್ಟ್ ಮಾಡ್ತೀನಿ."

ಮಾಡಿದಳು. ಎಂಜಿನ್ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

"ಬರ್ಕೊಂಡೆ. ಈಗ ನಿಮ್ಮ ಮುಚ್ಚಳ. ಅದೊಂದೇ."

ಅವನು ಮುಚ್ಚಳ ತಿರುಗಿಸಿದ. ಹುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು, ನೀರಿನಡಿಯಿಂದ ಮೇಲೆ ಬಂದವರು ಉಸಿರೆಳೆದುಕೊಂಡಂತೆ. ಅವಳು ಮತ್ತೆ ಕೀಲಿ ತಿರುಗಿಸಿದಳು. ವ್ಯಾನು ಏರನ್ನು ಸಲೀಸಾಗಿ ಹತ್ತಿ, ಮೇಲಿನ ಬಯಲಿನಲ್ಲಿ ನಿಂತಿತು.

ಅವನು ಮುಚ್ಚಳ ಹಿಡಿದುಕೊಂಡೇ ಓಡಿ ಬಂದ.

"ಈ ಶಬ್ದ ಮುಂಚೇನೂ ಬರ್ತಿತ್ತಾ?" ಅವಳು ಕೇಳಿದಳು.

"ಪ್ರತಿ ಸಲ. ಬಿಸಿಲಿಗೆ ಹಾಗಾಗುತ್ತೆ ಅಂದ್ಕೊಂಡಿದ್ದೆ." ಅವನು ಮುಚ್ಚಳವನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ. "ಡೀಸೆಲ್ ಖರ್ಚಾದ ಹಾಗೆ ಒಳಗೆ ಗಾಳಿ ಹೋಗ್ಬೇಕು. ಇಲ್ಲಾಂದ್ರೆ ಪಂಪ್ ಎಷ್ಟು ಎಳೆದ್ರೂ ಬರಲ್ಲ. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇಟ್ಟಿರ್ತಾರೆ. ಇದ್ರಲ್ಲೂ... ಇದೆ ಅನ್ಸುತ್ತೆ."

ಅವಳು ಮುಚ್ಚಳ ಕಸಿದುಕೊಂಡಳು. ತೂತು ಇತ್ತು. ಅದರ ಬಾಯಿಗೆ ಮಣಿಯಷ್ಟು ನುಣುಪಾಗಿ ಗಮ್ಮು ತುಂಬಿತ್ತು. ಅವಳ ಕೆನ್ನೆ ಬಿಸಿಯಾಯಿತು.

"ಇದು ಕನ್ನಡಕದ ಫ್ರೇಮಿಗೆ ಹಾಕೋ ಗಮ್ಮು."

"ಯಾರು ಹಾಕಿದ್ದು?"

"ಯಾರೋ. ಬಹಳ ನೀಟಾಗಿ ಕೆಲಸ ಮಾಡೋರು." ಮುಚ್ಚಳವನ್ನು ಕೈಯಲ್ಲೇ ತಿರುಗಿಸುತ್ತ ಒಪ್ಪಿಕೊಂಡಳು. "ಕನ್ನಡಕಕ್ಕೆಲ್ಲ ಡೀಸೆಲ್ ವಾಸನೆ ಹಿಡೀತಿತ್ತು. ಮುಚ್ಚಳ ಎಲ್ಲೋ ತೂತು ಬಿದ್ದಿದೆ ಅಂತ... ಮೂರು ತಿಂಗಳಾಯ್ತು."

"ಅಂದ್ರೆ ನೀವು ಮುಚ್ಚಿದ್ದು, ನಾನು ಏಳು ಸಲ ತೆಗೆದಿದ್ದು."

"ಆ ಶಬ್ದದ ವಿಷಯ ನನಗೊಂದು ಮಾತು ಹೇಳ್ಬಹುದಿತ್ತಲ್ಲ!"

"ಗಮ್ಮಿನ ವಿಷಯ ನೀವು ಹೇಳ್ಬಹುದಿತ್ತು."

ಅವನು ನಕ್ಕ. ಅವನ ನಗು ಅವಳು ಕೇಳಿದ್ದು ಅದೇ ಮೊದಲು. ಆದರೂ ಅವಳು ಬಿಡಲಿಲ್ಲ. "ತೂತು ಇದೆ ಅನ್ಸುತ್ತೆ ಅಂದ್ರಲ್ಲ, ಕಾಣ್ಲಿಲ್ವಾ?"

ಅವನು ನೆಲ ನೋಡಿದ.

"ನನ್ನ ನೋಟ್‌ಬುಕ್?"

"ಒಂದಕ್ಷರಾನೂ ಓದೋಕಾಗ್ಲಿಲ್ಲ."

"ಅಕ್ಷರ ಚೆನ್ನಾಗಿದೆ ಅಂದ್ರಿ!"

"ದೂರದಿಂದ ಚೆನ್ನಾಗೇ ಕಾಣ್ತಿತ್ತು."

ಅವಳು ವ್ಯಾನಿನ ಹಿಂಬಾಗಿಲು ತೆರೆದು, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮನ್ನು ಮೂಗಿಗೆ ಏರಿಸಿದಳು. "ನಲವತ್ತು ದಾಟಿತಾ?"

"ಎರಡು ವರ್ಷ ಆಯ್ತು."

"ಚಾಳೀಸು. ಹತ್ತಿರದ್ದು ಮಂಜಾಗೋದು. ಎಲ್ರಿಗೂ ಬರುತ್ತೆ. ಹೇಳೋಕೇನು ಕಷ್ಟ ನಿಮಗೆ?"

"ಕಣ್ಣು ಕಾಣದ ಮೆಕ್ಯಾನಿಕ್‌ಗೆ ನೀವು ಮತ್ತೆ ಫೋನ್ ಮಾಡ್ತಿದ್ರಾ?"

ಅವಳು ಗಾಜು ಬದಲಿಸಿದಳು. "ಮೊದಲನೇದಾ, ಎರಡನೇದಾ?"

"ಎರಡನೇದು."

"ಈಗ?"

ಕೈಯಲ್ಲಿದ್ದ ಅಕ್ಷರದ ಕಾರ್ಡು ನೋಡಬೇಕಾದವನು ಅವಳನ್ನು ನೋಡುತ್ತಿದ್ದ. "ನಿಮ್ಮ ಹುಬ್ಬಿನ ಮೇಲೆ ಗಾಯದ ಗುರುತಿದೆ."

"ಮೂವತ್ತು ವರ್ಷದಿಂದ ಇದೆ. ಕಾರ್ಡು ನೋಡಿ."

ನೋಡಲಿಲ್ಲ. "ಗಾಡಿ ಸರಿಹೋಯ್ತು," ಎಂದ. "ಇನ್ಮೇಲೆ ಫೋನ್ ಬರಲ್ಲ."

ಫ್ರೇಮಿನ ಕಡ್ಡಿ ಸರಿಮಾಡುತ್ತಿದ್ದ ಅವಳ ಬೆರಳು ಅವನ ಕಿವಿಯ ಬಳಿ ನಿಂತಿತು. ಹೊರಗೆ ಒಂದು ಲಾರಿ ಏರು ಹತ್ತಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಇಬ್ಬರೂ ಹಾಗೆಯೇ ಇದ್ದರು.

"ಸರಿಯಾಗಿ ನೋಡಿ ಹೇಳಿ," ಎಂದಳು. "ಮೊದಲನೇದು, ಗಾಡಿ ಸರಿ, ಫೋನ್ ಇಲ್ಲ. ಎರಡನೇದು, ಗಾಡಿ ಸರಿ, ಆದ್ರೂ ದಿನಾ ಫೋನ್."

"ಎರಡನೇದು."

"ಅವಸರ ಬೇಡ. ಇನ್ನೊಮ್ಮೆ ತೋರಿಸ್ಲಾ?"

"ಬೇಡ. ಎರಡನೇದೇ."

ಅಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ಅಕ್ಕ. "ಏನಾಯ್ತೇ? ಗುಜರಿಯವರು ಕೇಳ್ತಿದಾರೆ."

"ಬರೋದು ಬೇಡ ಅನ್ನು."

"ಸಿಕ್ತಾ ಕಾಯಿಲೆ? ಏನಂತೆ?"

"ಮನೆಗೆ ಬಂದು ಹೇಳ್ತೀನಿ. ಬೈಬಾರದು."

"ಆ 'ನೋಡೋಣ' ಏನಂದ?"

ಅವಳು ಫೋನ್ ಇಟ್ಟಳು. ಕನ್ನಡಕದ ತಿರುಪು ಬಿಗಿಯುವ ಪುಟ್ಟ ಸ್ಕ್ರೂಡ್ರೈವರನ್ನು ಅವನಿಗೆ ಕೊಟ್ಟಳು. ಅವನು ಮುಚ್ಚಳವನ್ನು ಈಗ ಹತ್ತಿರವೇ ಹಿಡಿದು, ತೂತಿನ ಗಮ್ಮನ್ನು ಚೂರು ಚೂರಾಗಿ ಬಿಡಿಸತೊಡಗಿದ. ಅವಳೂ ಬಾಗಿ ನೋಡಿದಳು. ಹಣೆಗೆ ಹಣೆ ತಾಗಲು ಒಂದು ಬೆರಳಿನಷ್ಟು ಜಾಗ ಉಳಿದಿತ್ತು.

"ನಾಳೆ ಬರ್ತೀರಾ? ಗಾಡಿಗೆ ಏನೂ ಆಗದಿದ್ರೂ?"

ಅವನು ಬಾಯಿ ತೆರೆದ. ಆ ಒಂದು ಪದ ಬಂದರೆ ಈ ಮುಚ್ಚಳವನ್ನು ಅವನ ತಲೆಗೇ ಎಸೆಯುವುದೆಂದು ಅವಳು ಹಲ್ಲು ಕಚ್ಚಿ ಕಾದಳು.

"ಎಷ್ಟು ಗಂಟೆಗೆ?" ಎಂದ.