ತಣ್ಣನೆಯ ಕೈಯ ಕೂಲಿ

ಮಲ್ಪೆಯ ಶೆಡ್ಡಿನಲ್ಲಿ ಬೇಬಿ ಕುಂದರ್ ಗಾಳಿಯನ್ನು ಸೀಳಿದಳು; ಏಳು ಸಾವಿರ ಕಿಲೋಮೀಟರ್ ಆಚೆ, ನಾರ್ವೆಯ ಕಾರ್ಖಾನೆಯಲ್ಲಿ ಮೀನಿನ ಹೊಟ್ಟೆ ಸೀಳಿತು. ಅವಳು ತೊಟ್ಟ ಕೈಗವಸಿನ ಹೆಸರು ದೂರಹಸ್ತ. ಇಲ್ಲಿ ಬೆರಳು ಮಡಿಚಿದರೆ ಅಲ್ಲಿ ಉಕ್ಕಿನ ಬೆರಳು ಮಡಿಚುತ್ತಿತ್ತು. ಕಾರ್ಖಾನೆಯ ಅದೇ ಮೇಜಿನಲ್ಲಿ ಇನ್ನೊಂದು ಜೋಡಿ ಉಕ್ಕಿನ ಕೈಗಳನ್ನು ನಾರ್ವೆಯ ಸೋಲ್ವೈ ಎಂಬಾಕೆ ತನ್ನ ಮನೆಯಿಂದಲೇ ಆಡಿಸುತ್ತಿದ್ದಳು. ಅವಳಿಗೆ ಬೇಬಿಯ ಇಪ್ಪತ್ತೆರಡು ಪಟ್ಟು ಕೂಲಿ.

ಕೂಲಿ ಗೊತ್ತುಮಾಡುತ್ತಿದ್ದುದು ಗವಸಿನೊಳಗಿನ ನೆಲೆಮಾಪಕ. ವಿಳಾಸ ಸುಳ್ಳು ಹೇಳೀತು, ಚರ್ಮ ಹೇಳದು ಎಂಬುದು ಕಂಪನಿಯ ನಂಬಿಕೆ. ಗವಸು ತೊಟ್ಟ ಗಳಿಗೆಯಲ್ಲಿ ಬೆರಳ ತುದಿಯ ಶಾಖ ಓದಿ, ಇದು ಯಾವ ದೇಶದ ಮೈ ಎಂದು ಯಂತ್ರ ತೀರ್ಪು ಕೊಡುತ್ತಿತ್ತು: ತಣ್ಣಗಿದ್ದರೆ ನಾರ್ವೆ, ಬೆಚ್ಚಗಿದ್ದರೆ ಮಲ್ಪೆ.

"ಗವಸು ಬಿಚ್ಚಿ," ಎಂದ ಡಾಕ್ಟರ್ ದೀಕ್ಷಿತ. ಮಾಪಕವನ್ನು ಕಂಡುಹಿಡಿದವನೇ ತನಿಖೆಗೆ ಬಂದಿದ್ದ. "ಒಂದು ತಿಂಗಳಿಂದ ನಿಮಗೆ ನಾರ್ವೆಯ ಕೂಲಿ ಹೋಗಿದೆ. ಯಂತ್ರಕ್ಕೆ ಏನು ಮಾಡಿದಿರಿ?"

"ಎಂತ ಮಾಡ್ಲಿಕ್ಕುಂಟು ಸರ್? ಕಂಪನಿಗೆ ಕೊನೆಗೂ ಬುದ್ಧಿ ಬಂತು ಅಂದ್ಕೊಂಡೆ."

ಅವನ ಕಣ್ಣು ಅವಳ ಕಾಲ ಬಳಿಯ ಬಕೆಟ್ಟಿಗೆ ಬಿತ್ತು. ಐಸ್!

"ಹೋದ ತಿಂಗಳು ಪಕ್ಕದಲ್ಲಿ ಐಸ್ ಪ್ಲಾಂಟ್ ಆಯ್ತಲ್ಲ, ಹಳೇ ಅಭ್ಯಾಸ ಮತ್ತೆ ಶುರು ಮಾಡಿದೆ. ಕೊಯ್ಯುವ ಮೊದ್ಲು ಕೈ ಅದ್ದುದು. ಬಿಸಿ ಕೈ ತಾಗಿದ್ರೆ ಮೀನು ಮೆತ್ತಗಾಗ್ತದೆ. ಅತ್ತೆ ಕಲಿಸಿದ್ದು."

"ಇಲ್ಲಿ ಮೀನೇ ಇಲ್ಲವಲ್ಲ!"

"ಕೈಗೆ ಅದು ಗೊತ್ತಿಲ್ಲ ಸರ್."

ಶೆಡ್ಡು ನಕ್ಕಿತು. ದೀಕ್ಷಿತ ನಗಲಿಲ್ಲ. ಕಾಗದ ಚಾಚಿದ. "ವಂಚನೆ ಮಾಡಿದೆ ಎಂದು ಸಹಿ ಹಾಕಿ. ಇಲ್ಲದಿದ್ದರೆ ಇಲ್ಲಿನ ನಲವತ್ತೂ ಗವಸು ಇವತ್ತೇ ಬಂದ್."

ನಗು ಸತ್ತಿತು. ಮೂವತ್ತೊಂಬತ್ತು ಜೊತೆ ಕಣ್ಣು ಬೇಬಿಯ ಬೆನ್ನಿಗೆ ನಾಟಿದವು.

"ಹಾಕಿ ಬಿಡಿ ಬೇಬಕ್ಕ," ಎಂದಳು ಪಕ್ಕದಲ್ಲೇ ಗವಸು ತೊಡುವ ಪದ್ಮಿನಿ. "ನನ್ನ ಗಂಡನ ಡಯಾಲಿಸಿಸ್ ಉಂಟು."

"ಹಾಕಿದ್ರೆ ನಾನು ಕಳ್ಳಿ. ಅಷ್ಟೇ ಅಲ್ವಾ?" ಬೇಬಿ ಪೆನ್ನು ಹಿಡಿದು ದೀಕ್ಷಿತನನ್ನು ನೋಡಿದಳು. "ಮೀನು ಒಂದೇ, ಚೂರಿ ಒಂದೇ, ಮಾರುವ ರೇಟೂ ಒಂದೇ. ಮತ್ತೆ ಇಪ್ಪತ್ತೆರಡು ಪಟ್ಟು ಎಲ್ಲಿಂದ ಬಂತು?"

"ಕೂಲಿ ದೇಶದ್ದಮ್ಮ, ಕೈಯದ್ದಲ್ಲ. ಅಲ್ಲಿನ ಬಾಡಿಗೆ, ಅಲ್ಲಿನ ಕಾನೂನು..."

"ಹುಟ್ಟಿದ ಜಾಗ ಎಂತ, ಅಲ್ಲಿಯವಳು ದುಡಿದು ತಂದದ್ದಾ?"

ದೀಕ್ಷಿತ ಎಲ್ಲ ಗವಸುಗಳ ಮಾಪಕವನ್ನೂ ಒಟ್ಟಿಗೆ ಬಿಗಿಮಾಡಿದ: ಬೆರಳು ತುಸು ಬೆಚ್ಚಗಿದ್ದರೂ ನಾರ್ವೆಯಲ್ಲ. "ಐಸಿನ ತಂಪು ಎಷ್ಟು ಹೊತ್ತು? ಇನ್ನು ಮೋಸ ನಡೆಯದು."

ಆ ಹೊತ್ತಿಗೇ ನಾರ್ವೆಯ ಮನೆಯಲ್ಲಿ ಸೋಲ್ವೈ ಬಿಸಿ ಕಾಫಿಯ ಲೋಟ ಕೆಳಗಿಟ್ಟು ಗವಸು ತೊಟ್ಟಳು. ಅವಳ ಪರದೆಯ ಮೇಲೆ ಹೆಸರಿನ ಮುಂದೆ ಮಲ್ಪೆಯ ಕೂಲಿ ಮೂಡಿತು. ಅವಳ ಉಕ್ಕಿನ ಕೈಗಳು ಚೂರಿ ಕೆಳಗಿಟ್ಟವು. ಪಕ್ಕದವರದೂ ಇಟ್ಟವು. ಐದೇ ನಿಮಿಷದಲ್ಲಿ ಇಡೀ ಕಾರ್ಖಾನೆ ಸ್ತಬ್ಧ.

ದೀಕ್ಷಿತನ ಫೋನು ಅರಚಿಕೊಂಡಿತು; ಕಂಪನಿಯ ಮೇಲಿನವರು. "ಹೌದು ಸರ್... ಆ ಕೂಲಿಯಲ್ಲಿ ಯಾರು ತಾನೇ ಬದುಕುತ್ತಾರೆ... ಅನ್ಯಾಯ ಸರ್, ಖಂಡಿತ ಅನ್ಯಾಯ... ಈಗಲೇ ಹಳೆಯ ಅಳತೆಗೆ ತರುತ್ತೇನೆ."

ಮೂರು ವರ್ಷದಲ್ಲಿ ಆ ಶೆಡ್ಡಿನೊಳಗೆ ಕಂಪನಿಯವರ ಬಾಯಿಂದ 'ಅನ್ಯಾಯ' ಎಂಬ ಪದ ಬಿದ್ದದ್ದು ಅದೇ ಮೊದಲು.

ಅವನು ಬೆವರುತ್ತ ಮಾಪಕವನ್ನು ಸಡಿಲಿಸಿದ. ಬೇಬಿ ಬಗ್ಗಿ ಐಸಿನಲ್ಲಿ ಕೈ ಅದ್ದಿ, ಸಹಿ ಬೀಳದ ಕಾಗದದಲ್ಲಿ ಒರೆಸಿಕೊಂಡಳು. ಅವಳ ಹಿಂದೆ ಪದ್ಮಿನಿ ಬಂದು ನಿಂತಳು. ಪದ್ಮಿನಿಯ ಹಿಂದೆ ಸಾಲು ಬೆಳೆಯಿತು.

"ಸರ್," ಎಂದಳು ಪದ್ಮಿನಿ, ಕೈಯನ್ನು ಮೊಣಕೈವರೆಗೆ ಐಸಿನಲ್ಲಿ ಮುಳುಗಿಸಿ, "ಇನ್ನೂ ನಾಲ್ಕು ಬಕೆಟ್ ಐಸ್ ಹೇಳಿ. ಇಲ್ಲಿ ನಾರ್ವೆಯವರು ತುಂಬಾ ಜನ ಇದ್ದೇವೆ."