ಬಿರುಕಿನ ಮೇಲಿನ ಗಾಜು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದರ್ಜಿ, ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತೇ ದೂರು ಹೇಳಿದ. ಶನಿವಾರ ಮಧ್ಯಾಹ್ನ ವಿಶ್ವವಿದ್ಯಾಲಯದ ಹಳೇ ಕಟ್ಟಡದಲ್ಲಿ, ಮೇಲಂತಸ್ತಿನ ಕೋಣೆಯ ಚಾವಣಿ ಕುಸಿದು ಅವನ ಮಗಳ ಮೇಲೆ ಬಿದ್ದಿತ್ತು. ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಜೀವ ಉಳಿದಿತ್ತು, ಬಲಗಾಲು ಮಂಡಿಯ ಕೆಳಗೆ ನುಜ್ಜುಗುಜ್ಜಾಗಿತ್ತು.

“ಇಂಜಿನಿಯರು ತಿಂಗಳಾ ತಿಂಗಳಾ ಬಂದು ಬಿರುಕು ನೋಡ್ತಿದ್ರಂತೆ ಮೇಡಂ. ಏನು ನೋಡಿದ್ರು? ಕಾಟಾಚಾರಕ್ಕೆ ಬಂದು ಹೋದ್ರಾ?”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಠಾಣೆಯಲ್ಲಿ ಎಲ್ಲರೂ ‘ಮೀಸೆ’ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹೊರಟಳು.

ಇಂಜಿನಿಯರ್ ಕುಸಿದ ಕೋಣೆಯಲ್ಲೇ ಕಾಯುತ್ತಿದ್ದ. ನೆಲದ ತುಂಬ ಗಾರೆ, ಮುರಿದ ತೊಲೆ. ಅವನು ಗೋಡೆಯ ಮೇಲ್ಭಾಗಕ್ಕೆ ಕೈ ತೋರಿಸಿದ.

“ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿರ್ತೀವಿ. ಗೋಡೆ ಕೂದಲೆಳೆಯಷ್ಟು ಅಲುಗಿದ್ರೂ ಒಡೆಯುತ್ತೆ. ಒಡೆದ್ರೆ ಕಟ್ಟಡ ಖಾಲಿ ಮಾಡಿಸ್ತೀವಿ. ಅದು ಯಾವತ್ತೂ ಒಡೆದಿರ್ಲಿಲ್ಲ ಮೇಡಂ. ಈಗ್ಲೂ ಹಾಗೇ ಇದೆ, ನೀವೇ ನೋಡಿ.”

“ಚಾವಣಿ ಬಿತ್ತು, ಗಾಜು ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ವಾ?” ಎಂದ ಮೀಸೆ.

“ಹತ್ತಿ, ಮುಟ್ಟಿ ನೋಡಿದ್ರಾ?” ಇನ್‌ಸ್ಪೆಕ್ಟರ್ ಕೇಳಿದಳು.

“ಕೆಳಗಿಂದಾನೇ ಕಾಣ್ಸುತ್ತಲ್ಲ ಮೇಡಂ...”

ಏಣಿ ಬೇಕಾಯಿತು. ಕೆಳಗಿನ ಇತಿಹಾಸ ವಿಭಾಗದಲ್ಲೊಂದು ಇದೆ ಎಂದರು ಗುಮಾಸ್ತರು. ಮೀಸೆ ಅದನ್ನು ಹೊತ್ತು ತಂದು, ಹತ್ತಿ, ಗಾಜಿಗೆ ಉಗುರು ತಗುಲಿಸಿದ. ಒಂದು ತುದಿ ಮಾತ್ರ ಗೋಡೆಗೆ ಅಂಟಿತ್ತು. ಇನ್ನೊಂದು ತುದಿಯಲ್ಲಿದ್ದ ಅಂಟಿನ ಬಿಳಿ ಉಂಡೆ ಗಾಜಿಗೆ ಕಚ್ಚಿಕೊಂಡಿತ್ತೇ ಹೊರತು ಗೋಡೆಗೆ ತಾಗಿರಲಿಲ್ಲ. ಗೋಡೆ ಎರಡಾಗಿ ಸೀಳಿದರೂ ಆ ಗಾಜು ಒಡೆಯುವಂತಿರಲಿಲ್ಲ.

“ಇದು ನಾನು ಹಾಕ್ಸಿದ್ದಲ್ಲ,” ಇಂಜಿನಿಯರ್‌ನ ಮುಖ ಬಿಳಿಚಿಕೊಂಡಿತು. “ನಮ್ಮದು ಸಿಮೆಂಟು. ಇದು ಪ್ಲಾಸ್ಟರ್ ಆಫ್ ಪ್ಯಾರಿಸ್.”

ಇಬ್ಬರು ಗುಮಾಸ್ತರ ಸಮಕ್ಷಮ ಪಂಚನಾಮೆ ಮಾಡಿ ಗಾಜನ್ನು ವಶಪಡಿಸಿಕೊಂಡರು. ಇನ್‌ಸ್ಪೆಕ್ಟರ್ ಏಣಿಯನ್ನೇ ನೋಡುತ್ತಿದ್ದಳು. ಅದರ ಮೇಲಿನ ಮೆಟ್ಟಿಲುಗಳ ಮೇಲೆ ಒಣಗಿದ ಬಿಳಿ ಹನಿಗಳಿದ್ದವು.

ಕೆಳಗೆ ಇತಿಹಾಸ ವಿಭಾಗದ ಕಪಾಟಿನಲ್ಲಿ ಒಡೆದ ಹಳೇ ಮಡಕೆಗಳನ್ನು ಜೋಡಿಸಿಟ್ಟಿದ್ದರು. ಚೂರುಗಳ ನಡುವೆ ಅದೇ ಬಿಳಿ ಪ್ಲಾಸ್ಟರ್. ವಿಭಾಗದ ಮುಖ್ಯಸ್ಥರಾದ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾದವರು, ಎದ್ದು ನಿಂತರು.

“ಈ ಮಡಕೆಗಳನ್ನ ಅಂಟಿಸೋರು ಯಾರು ಸರ್?”

“ನಾನೇ.”

“ಮೇಲಿನ ಗಾಜನ್ನ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಅದೂ ನಾನೇ. ಹೋದ ವರ್ಷ ಹಳೇ ಗಾಜು ಒಡೆದಿತ್ತು. ಇಂಜಿನಿಯರ್ ಕಣ್ಣಿಗೆ ಬಿದ್ರೆ ಕಟ್ಟಡ ಖಾಲಿ ಮಾಡ್ಸಿ ಕೆಡವ್ತಾರೆ. ದುರಸ್ತಿಗೆ ಮಂಜೂರಾತಿ ಸಿಗೋತನಕ ಹೇಗಾದ್ರೂ ತಳ್ಳೋಣ ಅಂತ...”

“ಆ ಹುಡುಗಿ ಅಲ್ಲಿ ಕೂತು ಓದ್ತಿದ್ದದ್ದು ಗೊತ್ತಿತ್ತಾ?”

“ನಾನೇ ಕೂರಿಸಿದ್ದು. ಗಾಳಿ ಬೆಳಕು ಚೆನ್ನಾಗಿದೆ, ಅಲ್ಲೇ ಓದ್ಕೋಮ್ಮ ಅಂದಿದ್ದೆ.”

ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿದಳು. “ಎಲ್ಲಾ ಗೊತ್ತಿದ್ದೂ?”

“ದಿನಾ ಹೋಗಿ ಗಾಜು ನೋಡ್ತಿದ್ದೆ. ಒಡೆದಿರ್ತಿರ್ಲಿಲ್ಲ. ನೋಡ್ತಾ ನೋಡ್ತಾ ನನಗೇ ನಂಬಿಕೆ ಬಂದ್ಬಿಡ್ತು ಮೇಡಂ.”

ಸಂಜೆ ನಾಲ್ಕಕ್ಕೆ ಮೇಷ್ಟ್ರನ್ನು ಬಂಧಿಸಲಾಯಿತು. ನಿರ್ಲಕ್ಷ್ಯಕ್ಕಾಗಿ ಇಂಜಿನಿಯರ್‌ಗೂ ನೋಟಿಸು ಹೋಯಿತು. ಜೀಪಿನಲ್ಲಿ ಮೀಸೆಗೆ ತಡೆಯಲಾಗಲಿಲ್ಲ.

“ಒಂದು ಹಳೇ ಕಟ್ಟಡಕ್ಕೋಸ್ಕರ ಇಷ್ಟೆಲ್ಲಾನಾ ಸರ್?”

ಮೇಷ್ಟ್ರು ಪಾಠ ಹೇಳುವ ದನಿಯಲ್ಲೇ ಶುರು ಮಾಡಿದರು. ಮೊದಲು ಅದು ಸೈನ್ಯದ ಉಗ್ರಾಣ. ಯುದ್ಧ ಮುಗಿದ ಮೇಲೆ ಆಸ್ಪತ್ರೆ. ಬಹಳ ವರ್ಷಗಳ ನಂತರ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಆಮೇಲೆ ದನಿ ಇಳಿಯಿತು.

“ಆ ಕೋಣೆ ಹೆರಿಗೆ ವಾರ್ಡು. ನಾನು ಹುಟ್ಟಿದ್ದು ಅಲ್ಲೇ. ಅಮ್ಮ ಅಲ್ಲಿಂದ ಕೆಳಗಿಳಿದು ಬರ್ಲೇ ಇಲ್ಲ. ಅಪ್ಪ ಇನ್ನೊಂದು ಮದುವೆ ಆದ್ರು, ಮನೇಲಿ ಅವಳದೊಂದು ಫೋಟೋನೂ ಉಳೀಲಿಲ್ಲ. ಅವಳಿದ್ದ ಜಾಗ ಅಂತ ನಾನು ಹೋಗಿ ನಿಲ್ಲೋಕೆ ಇದ್ದದ್ದು ಅದೊಂದೇ.”

ಜೀಪು ಠಾಣೆಯ ರಸ್ತೆಗೆ ತಿರುಗಿದಾಗ ಅವರೇ ಕೇಳಿದರು, “ಆ ಹುಡುಗಿ ಕಾಲು?”

“ಇವತ್ತು ತೆಗೀತಾರೆ,” ಎಂದಳು ಇನ್‌ಸ್ಪೆಕ್ಟರ್.

ಠಾಣೆಯಲ್ಲಿ, ಜೀಪಿನಲ್ಲಿ ಹೇಳಿದ್ದನ್ನೂ ಸೇರಿಸಿ ಬರೆದ ಹೇಳಿಕೆ ಓದಿ ಹೇಳಿದಾಗ ಮೇಷ್ಟ್ರು ಒಂದು ಕಡೆ ತಡೆದರು. “ಅಮ್ಮನ ವಿಷಯ ಬೇಡ ಮೇಡಂ, ತೆಗೆದುಬಿಡಿ. ಆ ಹುಡುಗಿ ಅಪ್ಪ ಕೋರ್ಟಲ್ಲಿ ಕೂತು ಇದನ್ನ ಕೇಳ್ಬೇಕಾಗುತ್ತೆ. ಅವರಿಗೆ ನನ್ನ ಮೇಲೆ ಕನಿಕರ ಪಡೋ ಕಷ್ಟಾನೂ ಕೊಡೋದಾ?”

ಇನ್‌ಸ್ಪೆಕ್ಟರ್ ಆ ಸಾಲುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವರ ಸಹಿ ಹಾಕಿಸಿಕೊಂಡಳು.